ಜೂನ್ ಒಂದರಂದು ಹುಟ್ಟಿದ ಇಬ್ಬರು ಹುಡುಗರು

ಸರ್ಕಾರಿ ಶಾಲೆಗಳ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ: ಪುಟ ತಿರುವಿದಷ್ಟೂ ಮಕ್ಕಳು ಜೂನ್ ಒಂದರಂದೇ ಹುಟ್ಟಿರುತ್ತಾರೆ. ಜನನ ಪತ್ರವಿಲ್ಲದ ಮಗುವನ್ನು ತಂದೆ ತಾಯಿ ಶಾಲೆಗೆ ಕರೆತಂದಾಗ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಿಸಿ ನೋಡುವುದು, ಮುಟ್ಟಿದರೆ ವಯಸ್ಸಾಯಿತೆಂದು ತಿಳಿಯುವುದು, ಶಾಲೆ ಆರಂಭವಾಗುವ ಜೂನ್ ತಿಂಗಳಿನಿಂದ ಹಿಂದಕ್ಕೆ ವರ್ಷ ಎಣಿಸಿ ಒಂದು ಜನ್ಮದಿನಾಂಕ ಬರೆಯುವುದು ನಮ್ಮ ಕಡೆ ಬಹುಕಾಲ ನಡೆದುಕೊಂಡು ಬಂದ ಪದ್ಧತಿ. ನಾನೂ ಹಾಗೆಯೇ ಬರೆದವನು. 2006ರ ಜೂನ್‌ನಲ್ಲಿ, ಕೂಲಿಗಾಗಿ ಊರೂರು ಅಲೆಯುತ್ತಿದ್ದ ಒಂದು ಕುಟುಂಬದ ಇಬ್ಬರು ಹುಡುಗರನ್ನು, ಅಣ್ಣತಮ್ಮಂದಿರ ಮಕ್ಕಳನ್ನು, ಒಂದೇ ದಿನ ಒಂದನೆಯ ತರಗತಿಗೆ ಸೇರಿಸಿಕೊಂಡೆ. ಎತ್ತರದವನ ಕೈ ಕಿವಿಯನ್ನು ದಾಟಿ ಕೆನ್ನೆಗೆ ಬಂದಿದ್ದರಿಂದ ಅವನಿಗೆ ಏಳು ವರ್ಷವೆಂದು ಬರೆದೆ. ಇನ್ನೊಬ್ಬನ ಬೆರಳ ತುದಿ ಕಷ್ಟಪಟ್ಟು ಕಿವಿಯನ್ನು ತಾಗಿದ್ದರಿಂದ ಅವನಿಗೆ ಆರು ಎಂದು ಬರೆದೆ. ವಯಸ್ಸು ಕೇಳಿದಾಗ ಚಿಕ್ಕವನ ತಾಯಿ, "ನೀವೇ ಏನಾದ್ರೂ ಬರ್ಕೊಳ್ಳಿ ಮೇಷ್ಟ್ರೇ, ಮಳೆಗಾಲದಲ್ಲಿ ಹುಟ್ಟಿದ್ದು" ಎಂದಿದ್ದಳು. ಹೀಗೆ ಒಬ್ಬನ ಹೆಸರಿನ ಮುಂದೆ 1-6-1999, ಇನ್ನೊಬ್ಬನ ಹೆಸರಿನ ಮುಂದೆ 1-6-2000 ಎಂದು ನನ್ನ ಕೈಬರಹದಲ್ಲಿ ದಾಖಲಾಯಿತು.

ಹನ್ನೊಂದು ವರ್ಷಗಳ ಅನಂತರ, 2017ರ ಆಗಸ್ಟ್‌ನಲ್ಲಿ, ಆ ಇಬ್ಬರೂ ಸೇರಿ ಸಂತೆಮಾಳದ ಪಕ್ಕದಿಂದ ಒಂದು ಬೈಕನ್ನು ಕದ್ದರು. ಹಾಲಿನ ಕ್ಯಾನುಗಳನ್ನು ಎರಡೂ ಕಡೆಗೆ ತೂಗುಹಾಕಲು ಕೊಕ್ಕೆ ಬೆಸೆಸಿಕೊಂಡಿದ್ದ ಬೈಕು ಅದು. ಅದರ ಯಜಮಾನ ಮೂರು ವಾರ ಸೈಕಲ್ಲಿನಲ್ಲಿ ಹಾಲು ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಹುಡುಗರು ಮಾಡಿದ್ದು ಹುಡುಗಾಟವೆಂದು ನಾನು ಹೇಳುವುದಿಲ್ಲ. ಆದರೆ ಒಂದೇ ರಾತ್ರಿ, ಒಂದೇ ಬೈಕು, ಒಂದೇ ಕೃತ್ಯಕ್ಕೆ ಸಿಕ್ಕಿಬಿದ್ದ ಅವರು ಮರುದಿನ ಎರಡು ಬೇರೆ ಬೇರೆ ಕಾನೂನುಗಳ ಕೈಗೆ ಹೋದರು. ನನ್ನ ರಿಜಿಸ್ಟರಿನ ಪ್ರಕಾರ ಹಿರಿಯವನಿಗೆ ಹದಿನೆಂಟು ವರ್ಷ ಎರಡು ತಿಂಗಳು, ಕಿರಿಯವನಿಗೆ ಹದಿನೇಳು ವರ್ಷ ಎರಡು ತಿಂಗಳು. ಮಕ್ಕಳ ಗುರುತನ್ನು ಬಹಿರಂಗಪಡಿಸುವುದನ್ನು ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಆ ಕಲಂ ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ. ಹಿರಿಯ, ಕಿರಿಯ ಎಂದೇ ಕರೆಯುತ್ತೇನೆ.

ಕಿರಿಯವನ ವಯಸ್ಸನ್ನು ಸಾಬೀತುಪಡಿಸಲು ಮೂಲ ರಿಜಿಸ್ಟರಿನೊಡನೆ ಹಾಜರಾಗಬೇಕೆಂದು ಬಾಲ ನ್ಯಾಯ ಮಂಡಳಿಯಿಂದ ನನಗೆ ನೋಟಿಸು ಬಂತು. ನಾನು ಸಾಕ್ಷಿಕಟ್ಟೆ, ಕೂಗುವ ಜವಾನ, ಎತ್ತರದ ಪೀಠ ಇವನ್ನೆಲ್ಲ ಕಲ್ಪಿಸಿಕೊಂಡು ಹೋಗಿದ್ದೆ. ಅಲ್ಲಿದ್ದದ್ದು ಒಂದು ಉದ್ದನೆಯ ಮೇಜು. ಅದರ ಒಂದು ಬದಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು ಮತ್ತು ಇಬ್ಬರು ಸಮಾಜ ಕಾರ್ಯಕರ್ತ ಸದಸ್ಯರು ಕುಳಿತಿದ್ದರು, ಎದುರಿನಲ್ಲಿ ಹುಡುಗ ತನ್ನ ತಾಯಿಯ ಪಕ್ಕದಲ್ಲಿ ಕುಳಿತಿದ್ದ. ಸದಸ್ಯರಿಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು, ಮಂಡಳಿ ಎತ್ತರದ ವೇದಿಕೆಯ ಮೇಲೆ ಕೂರಬಾರದು, ಕಟಕಟೆ ಇರಬಾರದು, ಮಗುವಿಗೆ ಕೈಕೋಳ ತೊಡಿಸಬಾರದು, ಲಾಕಪ್ಪಿನಲ್ಲಿಯೋ ಜೈಲಿನಲ್ಲಿಯೋ ಇಡಬಾರದು, ಹಿಡಿದ 24 ಗಂಟೆಗಳೊಳಗೆ ಮಂಡಳಿಯ ಮುಂದೆ ತರಬೇಕು ಎಂದೆಲ್ಲ ಕಾಯ್ದೆಯೂ ಅದರ ನಿಯಮಗಳೂ ಹೇಳುತ್ತವೆಯೆಂದು ನನಗೆ ತಿಳಿದದ್ದು ಅಂದೇ. ಯಾವ ಆಧಾರದ ಮೇಲೆ ಈ ದಿನಾಂಕ ಬರೆದಿರಿ ಎಂದು ಕೇಳಿದಾಗ, ಇಂಥ ಸಂದರ್ಭದಲ್ಲಿ ಎಲ್ಲ ಮುಖ್ಯೋಪಾಧ್ಯಾಯರೂ ಹೇಳುವ "ಪೋಷಕರ ಹೇಳಿಕೆಯಂತೆ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೂ ಕಿವಿ ಮುಟ್ಟಿಸಿದ ಸಂಗತಿಯನ್ನು ಹಾಗೆಯೇ ಹೇಳಿಬಿಟ್ಟೆ. ಮ್ಯಾಜಿಸ್ಟ್ರೇಟರು ಬರೆದುಕೊಂಡರು, ರಿಜಿಸ್ಟರಿನ ದಿನಾಂಕವನ್ನೇ ಒಪ್ಪಿಕೊಂಡರು. ಅವರು ಮಾಡಿದ್ದು ಸರಿಯೇ. 94ನೇ ಕಲಮಿನ ಪ್ರಕಾರ ಮೊದಲು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂಥದ್ದು, ಅದಿಲ್ಲವಾದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರ, ಎರಡೂ ಇಲ್ಲವಾದರೆ ಮಾತ್ರ ಮೂಳೆಯ ಪರೀಕ್ಷೆ. ಮೂಳೆಯ ಎಕ್ಸ್‌ರೇ ಹೇಳುವ ವಯಸ್ಸಿನಲ್ಲಿ ಎರಡು ವರ್ಷ ಅತ್ತಿತ್ತ ಆಗಬಹುದೆಂದು ಸುಪ್ರೀಂ ಕೋರ್ಟ್ 1982ರಷ್ಟು ಹಿಂದೆಯೇ ಹೇಳಿತ್ತು. ಮೂಳೆಗಿಂತ ನನ್ನ ಅಂದಾಜೇ ಮೇಲೆಂದಾಯಿತು.

ವಯಸ್ಸು ಇಷ್ಟು ಮುಖ್ಯವಾದದ್ದು ಏಕೆಂಬುದಕ್ಕೆ ಹಿಂದಿನ ಕಥೆಯೊಂದಿದೆ. ಏಳು ವರ್ಷದೊಳಗಿನ ಮಗು ಏನೇ ಮಾಡಿದರೂ ಅಪರಾಧವಲ್ಲ, ಏಳರಿಂದ ಹನ್ನೆರಡರವರೆಗೆ ಮಾಡಿದ್ದರ ಅರ್ಥ ತಿಳಿಯುವಷ್ಟು ಬುದ್ಧಿ ಬಲಿತಿತ್ತೇ ಎಂಬುದನ್ನು ನೋಡಬೇಕು ಎಂಬುದು 1860ರ ದಂಡಸಂಹಿತೆಯಿಂದ ಬಂದ ನಿಯಮ; 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಅದನ್ನು 20 ಮತ್ತು 21ನೇ ಕಲಮುಗಳಲ್ಲಿ ಹಾಗೆಯೇ ಉಳಿಸಿಕೊಂಡಿದೆ. ಮೇಲಿನ ಗೆರೆ ಮಾತ್ರ ಸರಿದಾಡಿದೆ. 1986ರ ಬಾಲ ನ್ಯಾಯ ಕಾಯ್ದೆಯಲ್ಲಿ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ಎಂದಿತ್ತು. ಮಕ್ಕಳ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡ ಮೇಲೆ, 2000ದ ಕಾಯ್ದೆ ಇಬ್ಬರಿಗೂ ಹದಿನೆಂಟು ಎಂದಿತು. ಲೆಕ್ಕಕ್ಕೆ ಬರುವುದು ಕೃತ್ಯ ನಡೆದ ದಿನದ ವಯಸ್ಸೇ ಹೊರತು ಹಾಜರುಪಡಿಸಿದ ದಿನದ್ದಲ್ಲ ಎಂಬುದನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2005ರಲ್ಲಿ ಇತ್ಯರ್ಥ ಮಾಡಿತು.

ಆಮೇಲೆ, ಬಸ್ಸಿನಲ್ಲಿ ಯುವತಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದ 2012ರ ಡಿಸೆಂಬರ್ 16ರ ದೆಹಲಿಯ ರಾತ್ರಿ ಬಂತು. ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಲು ಕೆಲವೇ ತಿಂಗಳು ಬಾಕಿಯಿತ್ತು, ಅವನಿಗೆ ವಿಧಿಸಬಹುದಾಗಿದ್ದ ಗರಿಷ್ಠ ಅವಧಿ ವಿಶೇಷ ಗೃಹದಲ್ಲಿ ಮೂರು ವರ್ಷ. ದೇಶಕ್ಕೆ ಬಂದ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟಿನ ನಡುವೆಯೂ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿ 2013ರ ಜನವರಿಯ ತನ್ನ ವರದಿಯಲ್ಲಿ ವಯಸ್ಸಿನ ಮಿತಿಯನ್ನು ಇಳಿಸಬೇಕೆಂದು ಹೇಳಲಿಲ್ಲ, ಸುಪ್ರೀಂ ಕೋರ್ಟೂ ಅದೇ ವರ್ಷ ಹದಿನೆಂಟರ ಗೆರೆಯನ್ನು ಎತ್ತಿಹಿಡಿಯಿತು. ಆದರೆ ಅವನು ಬಿಡುಗಡೆಯಾದ ಎರಡೇ ದಿನಕ್ಕೆ, 2015ರ ಡಿಸೆಂಬರ್ 22ರಂದು, ರಾಜ್ಯಸಭೆ ಹೊಸ ಮಸೂದೆಯನ್ನು ಅಂಗೀಕರಿಸಿತು. 2016ರ ಜನವರಿ 15ರಿಂದ ಜಾರಿಗೆ ಬಂದ ಆ ಕಾಯ್ದೆ ಮಕ್ಕಳ ಕೃತ್ಯಗಳನ್ನು ಸಣ್ಣ, ಗಂಭೀರ, ಘೋರ ಎಂದು ಮೂರಾಗಿ ವಿಂಗಡಿಸಿ, ಹದಿನಾರು ದಾಟಿದವನ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಅವನನ್ನು ವಯಸ್ಕನಂತೆ ವಿಚಾರಣೆಗೆ ಕಳುಹಿಸಬೇಕೇ ಎಂದು ನಿರ್ಧರಿಸಲು ಪ್ರಾಥಮಿಕ ಮೌಲ್ಯಮಾಪನ ಮಾಡಬೇಕೆಂದು 15ನೇ ಕಲಮಿನಲ್ಲಿ ಹೇಳಿತು.

ಈ ಮೌಲ್ಯಮಾಪನದ ಬಗ್ಗೆ ನನಗೆ ತೀವ್ರವಾದ ಆಕ್ಷೇಪವಿದೆ. ಅಂಥ ಅಪರಾಧ ಮಾಡಲು ಹುಡುಗನಿಗೆ ದೈಹಿಕ ಮತ್ತು ಮಾನಸಿಕ ಸಾಮರ್ಥ್ಯವಿತ್ತೇ, ಪರಿಣಾಮವನ್ನು ಅರಿಯಬಲ್ಲವನಾಗಿದ್ದನೇ, ಯಾವ ಸನ್ನಿವೇಶದಲ್ಲಿ ಮಾಡಿದ ಎಂಬುದನ್ನು ಮಂಡಳಿ ನೋಡಬೇಕು. ಅವನು ಮಾಡಿದ್ದಾನೆಯೇ ಇಲ್ಲವೇ ಎಂಬುದೇ ಇನ್ನೂ ಸಾಬೀತಾಗಿರುವುದಿಲ್ಲ, ಆದರೂ ಯಾವ ಸನ್ನಿವೇಶದಲ್ಲಿ ಮಾಡಿದನೆಂದು ವಿಚಾರಿಸಬೇಕು. ತಿಂಗಳುಗಳ ಹಿಂದಿನ ಒಂದು ಗಳಿಗೆಯಲ್ಲಿ ಹದಿನಾರರ ಹುಡುಗನ ಮನಸ್ಸು ಹೇಗಿತ್ತೆಂಬುದನ್ನು ಇಂದು ಅವನ ಎದುರು ಕುಳಿತು ಅಳೆಯಬೇಕು. ಮೂವತ್ತಮೂರು ವರ್ಷ ಈ ವಯಸ್ಸಿನ ಮಕ್ಕಳ ಆಸುಪಾಸಿನಲ್ಲಿ ಕಳೆದ ನನಗೆ, ಬೆಂಚಿನ ಮೇಲೆ ಹೆಸರು ಕೆತ್ತಿದವನನ್ನು ಅದೇ ದಿನ ಸಂಜೆ ಯಾಕೆ ಕೆತ್ತಿದೆಯೆಂದು ಕೇಳಿದರೂ ನೆಟ್ಟಗಿನ ಉತ್ತರ ಸಿಕ್ಕಿದ್ದಿಲ್ಲ. ಒಬ್ಬನೇ ಇದ್ದಾಗ ಒಂದು ಬುದ್ಧಿ, ಗೆಳೆಯರ ಗುಂಪಿನಲ್ಲಿದ್ದಾಗ ಇನ್ನೊಂದು ಬುದ್ಧಿ ಎಂಬುದು ಆ ವಯಸ್ಸಿನ ಸ್ವಭಾವ. 2017ರಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಏಳು ವರ್ಷದ ಬಾಲಕನ ಕೊಲೆಯಾದಾಗ ಮೊದಲು ಪೊಲೀಸರು ಬಸ್ಸಿನ ಕಂಡಕ್ಟರನನ್ನು ಬಂಧಿಸಿದ್ದರು, ಆಮೇಲೆ ಸಿಬಿಐ ಅದೇ ಶಾಲೆಯ ಹಿರಿಯ ವಿದ್ಯಾರ್ಥಿಯೊಬ್ಬನನ್ನು ವಶಕ್ಕೆ ಪಡೆಯಿತು. ಆ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ, ಈ ಮೌಲ್ಯಮಾಪನ ಬಹಳ ಸೂಕ್ಷ್ಮವಾದ ಕೆಲಸವೆಂದೂ ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವನ್ನು ಪಡೆಯಲೇಬೇಕೆಂದೂ ಹೇಳಿತು. ನಿಮ್ಹಾನ್ಸ್‌ನಂಥ ಸಂಸ್ಥೆಯಿರುವ ರಾಜ್ಯ ನಮ್ಮದು, ನಿಜ. ಆದರೆ ದೂರದ ಜಿಲ್ಲೆಯ ಹುಡುಗನಿಗೂ ಅಂಥ ತಜ್ಞರು ಸಿಗಬೇಕಲ್ಲ. ಮೂರು ತಿಂಗಳಲ್ಲಿ ಈ ಕೆಲಸ ಮುಗಿಯಬೇಕೆಂಬ 14ನೇ ಕಲಮಿನ ಗಡುವು ಕಡ್ಡಾಯವಲ್ಲ, ಮಾರ್ಗದರ್ಶಕ ಮಾತ್ರವೆಂದು 2024ರ ಮೇ ತಿಂಗಳಲ್ಲಿ, ನಮ್ಮ ರಾಜ್ಯದಿಂದಲೇ ಹೋದ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಹೀಗಾದರೆ ನೆನಪು ಇನ್ನಷ್ಟು ಮಸುಕಾದ ಮೇಲೆ ಮನಸ್ಸನ್ನು ಅಳೆಯಲು ಹೊರಡುತ್ತೇವೆ.

ಯಾವುದು ಘೋರ, ಯಾವುದು ಅಲ್ಲ ಎಂಬ ವಿಂಗಡಣೆಯೂ ವಿಚಿತ್ರವಾಗಿದೆ. ಕನಿಷ್ಠ ಶಿಕ್ಷೆ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿರುವ ಅಪರಾಧ ಮಾತ್ರ ಘೋರ. ಗರಿಷ್ಠ ಶಿಕ್ಷೆ ಎಷ್ಟೇ ದೊಡ್ಡದಿದ್ದರೂ ಕನಿಷ್ಠವನ್ನು ಹೇಳದ ಅಪರಾಧ ಗಂಭೀರ ವರ್ಗಕ್ಕೆ ಸೇರುತ್ತದೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿತು, ಮರುವರ್ಷದ ತಿದ್ದುಪಡಿ ಅದನ್ನೇ ಕಾಯ್ದೆಯೊಳಗೆ ತಂದಿತು. 2024ರ ಮೇ 19ರ ನಸುಕಿನಲ್ಲಿ ಪುಣೆಯಲ್ಲಿ ಹದಿನೇಳು ವರ್ಷದವನೊಬ್ಬ ಓಡಿಸುತ್ತಿದ್ದನೆಂಬ ಐಷಾರಾಮಿ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತಾಗ, ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತಿನೊಡನೆ ಮಂಡಳಿ ಕೊಟ್ಟ ಜಾಮೀನು ಇಡೀ ದೇಶವನ್ನು ಕೆರಳಿಸಿತ್ತು. ಆ ಷರತ್ತು ಸತ್ತವರ ಮನೆಯವರಿಗೆ ಮಾಡಿದ ಅವಮಾನವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಜಾಮೀನು ಮಾತ್ರ ಕಾನೂನುಬಾಹಿರವಾಗಿರಲಿಲ್ಲ: ಬಿಡುಗಡೆಯಾದರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅಪಾಯಕ್ಕೆ ಸಿಲುಕುತ್ತಾನೆ ಅಥವಾ ನ್ಯಾಯದ ಉದ್ದೇಶ ವಿಫಲವಾಗುತ್ತದೆ ಎಂದು ಕಂಡಲ್ಲದೆ ಮಗುವಿಗೆ ಜಾಮೀನು ನಿರಾಕರಿಸುವಂತಿಲ್ಲವೆಂಬುದು 12ನೇ ಕಲಂ. ಅವನನ್ನು ವಯಸ್ಕನಂತೆ ವಿಚಾರಿಸಬೇಕೆಂಬ ಕೋರಿಕೆ 2025ರ ಜುಲೈನಲ್ಲಿ ತಿರಸ್ಕೃತವಾಯಿತು. ಅಪಘಾತದ ದಿನ ಜಾರಿಯಲ್ಲಿದ್ದ ಹಳೆಯ ದಂಡಸಂಹಿತೆಯಲ್ಲಿ ಕೊಲೆಯಲ್ಲದ ಮಾನವ ಹತ್ಯೆಗೆ ಕನಿಷ್ಠ ಶಿಕ್ಷೆಯೇ ಇರಲಿಲ್ಲ.

ಅದರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಹದಿನೇಳರ ಹುಡುಗ, ಹದಿನೇಳರ ಹುಡುಗಿ, ಪರಸ್ಪರ ಮೆಚ್ಚಿ ಊರು ಬಿಟ್ಟು ಹೋದವರು. ಹುಡುಗಿಯ ತಂದೆ ದೂರು ಕೊಟ್ಟರೆ ಪೋಕ್ಸೊ ಕಾಯ್ದೆಯ 4ನೇ ಕಲಂ ಬರುತ್ತದೆ, ಅದರ ಕನಿಷ್ಠ ಶಿಕ್ಷೆ ಹತ್ತು ವರ್ಷ, ಆದ್ದರಿಂದ ಅದು ಘೋರ ಅಪರಾಧ, ಆದ್ದರಿಂದ ಆ ಹುಡುಗನಿಗೆ ಮೌಲ್ಯಮಾಪನ. ಅವನನ್ನು ವಯಸ್ಕನಂತೆ ವಿಚಾರಣೆಗೆ ಒಪ್ಪಿಸಲು ಕಾನೂನಿನಲ್ಲಿ ಅವಕಾಶವುಂಟು, ಕುಡಿದು ವಾಹನ ಓಡಿಸಿ ಇಬ್ಬರ ಪ್ರಾಣ ತೆಗೆದವನನ್ನು ಒಪ್ಪಿಸಲು ಅವಕಾಶವಿಲ್ಲ. ಇಂಥ ಹದಿವಯಸ್ಸಿನ ಪ್ರಕರಣಗಳನ್ನು ಕಂಡು ಕಂಡು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ, ಹದಿನಾರು ದಾಟಿದವರ ವಿಷಯದಲ್ಲಿ ಸಮ್ಮತಿಯ ವಯಸ್ಸಿನ ಬಗ್ಗೆ ಮತ್ತೆ ಯೋಚಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡವೆಂದಿತು, ಹದಿನಾರರಿಂದ ಹದಿನೆಂಟರ ಪ್ರಕರಣಗಳಲ್ಲಿ ಶಿಕ್ಷೆಯ ಬಗ್ಗೆ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಪೋಕ್ಸೊದಷ್ಟು ಬಿಗಿಯಾದ ಕಾಯ್ದೆ ಬೇಕೇ ಬೇಕು. ಅದು ರಕ್ಷಿಸಬೇಕಾದ ಮಗುವೇ ಅದರ ಆರೋಪಿಯೂ ಆದಾಗ ಏನು ಮಾಡಬೇಕೆಂಬುದಕ್ಕೆ ಮಾತ್ರ ನಾವು ಇನ್ನೂ ಉತ್ತರ ಬರೆದುಕೊಂಡಿಲ್ಲ.

ಶಾಲೆಯ ಕಾಗದ ಸಕಾಲದಲ್ಲಿ ಬಾರದಿದ್ದರೆ ಏನಾಗುತ್ತದೆಂಬುದನ್ನು ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. 1994ರ ಪುಣೆಯ ಕೊಲೆ ಪ್ರಕರಣವೊಂದರಲ್ಲಿ ಗಲ್ಲು ಶಿಕ್ಷೆಗೆ ಗುರಿಯಾಗಿದ್ದ ಒಬ್ಬ ವ್ಯಕ್ತಿ, ಕೃತ್ಯ ನಡೆದಾಗ ಹನ್ನೆರಡೂವರೆ ವರ್ಷದವನಾಗಿದ್ದನೆಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್ 27ರಂದು ಒಪ್ಪಿಕೊಂಡು ಅವನನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಅವನು 28 ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. ಅವನನ್ನು ಉಳಿಸಿದ್ದು ರಾಜಸ್ಥಾನದ ಒಂದು ಸರ್ಕಾರಿ ಶಾಲೆಯ ಪ್ರಮಾಣಪತ್ರ. ಎರಡು ವರ್ಷ ಕಳೆಯುವಷ್ಟರಲ್ಲಿ, 2025ರ ಜನವರಿಯಲ್ಲಿ, ಕೃತ್ಯದ ವೇಳೆ ಹದಿನಾಲ್ಕರವನಾಗಿದ್ದ ಇನ್ನೊಬ್ಬ, ಸುಮಾರು ಕಾಲು ಶತಮಾನದ ಸೆರೆವಾಸದ ಅನಂತರ ಹೊರಗೆ ಬಂದ. ಎಳೆತನದ ವಾದವನ್ನು ಯಾವ ಹಂತದಲ್ಲಿ ಬೇಕಾದರೂ, ಪ್ರಕರಣ ಅಂತಿಮವಾಗಿ ಮುಗಿದ ಮೇಲೂ, ಎತ್ತಬಹುದೆಂದು 9ನೇ ಕಲಂ ಹೇಳುತ್ತದೆ. ಎತ್ತಲು ಯಾರಾದರೂ ಆ ಊರಿನ ಶಾಲೆಯವರೆಗೆ ಹೋಗಿ, ಬೀರುವಿನ ಕೀಲಿ ತೆಗೆಸಿ, ರಿಜಿಸ್ಟರನ್ನು ಕೆಳಗಿಳಿಸಬೇಕು.

ನನ್ನ ಕಿರಿಯ ಹುಡುಗನ ವಿಷಯದಲ್ಲಿ ಕಾನೂನು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಕಳವಿನ ಗರಿಷ್ಠ ಶಿಕ್ಷೆ ಮೂರು ವರ್ಷವಾದ್ದರಿಂದ ಅದು ಸಣ್ಣ ಅಪರಾಧ. ವೀಕ್ಷಣಾಲಯದಲ್ಲಿ ಹನ್ನೊಂದು ದಿನ ಇದ್ದು ತಾಯಿಯ ಜೊತೆ ಮನೆಗೆ ಬಂದ. ಪರಿವೀಕ್ಷಣಾಧಿಕಾರಿಯೊಬ್ಬರು ಶಾಲೆಗೆ ಬಂದು ಒಂದು ಗಂಟೆ ಕುಳಿತು, ಯಾವ ತರಗತಿಯಲ್ಲಿ ಶಾಲೆ ಬಿಟ್ಟ, ಬಿಡುವ ಮುಂಚೆ ಯಾರ ಜೊತೆ ಕೂರುತ್ತಿದ್ದ, ಯಾವ ವಿಷಯದಲ್ಲಿ ಚುರುಕಾಗಿದ್ದ ಎಂದೆಲ್ಲ ಕೇಳಿ ಬರೆದುಕೊಂಡರು. ಅದರ ಹೆಸರು ಸಾಮಾಜಿಕ ತನಿಖಾ ವರದಿ, ಹದಿನೈದು ದಿನಗಳಲ್ಲಿ ಮಂಡಳಿಗೆ ಸಲ್ಲಬೇಕಾದದ್ದು. ಹುಡುಗ ಲೆಕ್ಕದಲ್ಲಿ ಚುರುಕೆಂದು ನಾನು ಹೇಳಿದ ಒಂದು ಮಾತನ್ನು ಹಿಡಿದು ಅವರು ಅವನಿಂದ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸಿದರು. ಒಂದು ವರ್ಷ ಅವರ ಮೇಲ್ವಿಚಾರಣೆಯಲ್ಲಿ ಇರಬೇಕೆಂಬುದೇ ಮಂಡಳಿಯ ಅಂತಿಮ ಆದೇಶವಾಗಿತ್ತು.

ಹಿರಿಯವನನ್ನು ಕುರಿತು ಕೇಳಲು ಯಾರೂ ಬರಲಿಲ್ಲ. ಮಗುವಿನ ಪ್ರಕರಣವನ್ನು ವಯಸ್ಕನ ಪ್ರಕರಣದೊಡನೆ ಒಟ್ಟಿಗೆ ನಡೆಸಬಾರದೆಂಬ ನಿಯಮವಿರುವುದರಿಂದ ಅವನದು ಬೇರೆಯ ಕೋರ್ಟಿಗೆ ಹೋಯಿತು. ಜಾಮೀನು ಸಿಕ್ಕಿತು, ಜಾಮೀನುದಾರ ಸಿಗಲಿಲ್ಲ. ಪಹಣಿ ತೋರಿಸುವಷ್ಟು ಜಮೀನಿದ್ದ ನೆಂಟರು ಅವರಿಗಿರಲಿಲ್ಲ. ಐದು ತಿಂಗಳು ಜೈಲಿನಲ್ಲಿದ್ದ ಮೇಲೆ, ತಪ್ಪೊಪ್ಪಿಕೊಂಡರೆ ಕಳೆದ ದಿನಗಳಿಗೇ ಶಿಕ್ಷೆ ವಜಾ ಆಗಿ ಹೊರಗೆ ಬರುತ್ತೀಯೆಂದು ಯಾರೋ ಹೇಳಿದರು, ಒಪ್ಪಿಕೊಂಡ, ಹಾಗೆಯೇ ಹೊರಗೆ ಬಂದ. ಅವನಿಗೆ ಅಂದು ಹದಿನೆಂಟೂವರೆ ವರ್ಷ.

ಹದಿನೆಂಟು ದಾಟಿದ ಮಾತ್ರಕ್ಕೆ ಕಾನೂನು ಅವನನ್ನು ಪೂರ್ತಿ ಕೈಬಿಟ್ಟಿತ್ತೆಂದು ತಿಳಿಯಬಾರದು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 6ನೇ ಕಲಂ ಇಪ್ಪತ್ತೊಂದು ವರ್ಷದೊಳಗಿನವರನ್ನು ಕುರಿತದ್ದು. ಜೀವಾವಧಿಯಷ್ಟು ದೊಡ್ಡ ಶಿಕ್ಷೆಯ ಅಪರಾಧವಲ್ಲದಿದ್ದರೆ, ಬುದ್ಧಿ ಹೇಳಿಯೋ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡುವುದು ತಕ್ಕದ್ದಲ್ಲವೆಂದು ಮನವರಿಕೆಯಾಗದ ಹೊರತು ನ್ಯಾಯಾಲಯ ಅವರನ್ನು ಜೈಲಿಗೆ ಕಳುಹಿಸಬಾರದು. ಮನವರಿಕೆ ಮಾಡಿಕೊಳ್ಳಲು ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳಬೇಕು. ಕಳುಹಿಸುವುದಾದರೆ ಕಾರಣಗಳನ್ನು ಬರೆಯಬೇಕು. ಹಾಗೆ ಬಿಡುಗಡೆಯಾದವನಿಗೆ, ಅಪರಾಧಿಯೆಂಬ ತೀರ್ಮಾನದಿಂದ ಬರುವ ಯಾವ ಅನರ್ಹತೆಯೂ ತಟ್ಟುವುದಿಲ್ಲವೆಂದು 12ನೇ ಕಲಂ ಹೇಳುತ್ತದೆ. ಹಿರಿಯವನ ಆದೇಶದ ಪ್ರತಿಯನ್ನು ನಾನು ಎರಡು ಬಾರಿ ಓದಿದ್ದೇನೆ. ಅದರಲ್ಲಿ 6ನೇ ಕಲಮಿನ ಹೆಸರಿಲ್ಲ, ವರದಿಯ ಮಾತಿಲ್ಲ, ಕಾರಣಗಳಿಲ್ಲ. ಅವನ ಪರವಾಗಿ ನಿಂತಿದ್ದವರೂ ಅದನ್ನು ಕೇಳಿದಂತೆ ಕಾಣುವುದಿಲ್ಲ.

ಹದಿನೆಂಟರಿಂದ ಇಪ್ಪತ್ತೊಂದರವರೆಗಿನ ಪ್ರಾಯವನ್ನು ಬೇರೆಯಾಗಿಯೇ ಕಾಣಬೇಕೆಂಬ ತಿಳಿವಳಿಕೆ ನಮಗೆ ಹೊಸದಲ್ಲ. ಮುಂಬಯಿ ಪ್ರಾಂತ್ಯ 1929ರಲ್ಲಿ ಬೋರ್ಸ್ಟಲ್ ಶಾಲೆಗಳ ಕಾಯ್ದೆಯನ್ನು ಮಾಡಿ, ಈ ಪ್ರಾಯದ ಅಪರಾಧಿಗಳನ್ನು ದೊಡ್ಡವರ ಜೈಲಿನಿಂದ ದೂರವಿಟ್ಟು ಕಸುಬು ಕಲಿಸುವ ಏರ್ಪಾಡು ಮಾಡಿತ್ತು. ಅಂಥ ಶಾಲೆ ನಮ್ಮ ಧಾರವಾಡದಲ್ಲಿಯೇ ಇತ್ತು. ಆ ಶಾಲೆಗಳ ಶಿಸ್ತು ಕಠೋರವಾಗಿತ್ತು, ಅವನ್ನು ಮತ್ತೆ ತೆರೆಯಿರಿ ಎನ್ನುವುದು ನನ್ನ ಮಾತಲ್ಲ. ಜರ್ಮನಿಯಲ್ಲಿ ಇಪ್ಪತ್ತೊಂದು ತುಂಬದವನ ಮನಸ್ಸಿನ ಬೆಳವಣಿಗೆ ಇನ್ನೂ ಬಾಲಕನದ್ದೆಂದು ಕಂಡರೆ 1953ರಿಂದಲೂ ಬಾಲಾಪರಾಧಿಗಳ ಕಾನೂನನ್ನೇ ಅನ್ವಯಿಸುತ್ತಾರೆ, ನೆದರ್ಲೆಂಡ್ಸ್ 2014ರಿಂದ ಇಪ್ಪತ್ಮೂರರವರೆಗೂ ಆ ಅವಕಾಶ ಕೊಟ್ಟಿದೆ. ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಆರೂವರೆ ದಶಕಗಳಿಂದ ಪುಸ್ತಕದಲ್ಲಿರುವ ಒಂದು ಕಲಮನ್ನು, ಎದುರಿಗೆ ನಿಂತವನ ವಯಸ್ಸನ್ನು ನೋಡಿದೊಡನೆ ನೆನಪಿಸಿಕೊಂಡರೆ ಸಾಕು. ನಿವೃತ್ತನಾದ ಮೇಲೆ ಆ ಕಲಮಿನ ಜೆರಾಕ್ಸ್ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು, ನಮ್ಮ ತಾಲ್ಲೂಕಿನ ಕೋರ್ಟಿನ ಹತ್ತಿರ ಕಾನೂನು ನೆರವಿಗಾಗಿ ಬರುವ ಹುಡುಗರ ಮನೆಯವರಿಗೆ ಕೊಡುತ್ತಿದ್ದೇನೆ, ನಿಮ್ಮ ವಕೀಲರಿಗೆ ಇದನ್ನು ತೋರಿಸಿ ಎನ್ನುತ್ತೇನೆ. ಕೆಲವು ವಕೀಲರು ಓದಿ ಅರ್ಜಿ ಹಾಕಿದ್ದಾರೆ.

ಹೋದ ವರ್ಷ ಹಿರಿಯವನು ಒಂದು ಫಾರಂ ಹಿಡಿದುಕೊಂಡು ಮನೆಗೆ ಬಂದ. ಬೆಂಗಳೂರಿನ ಕಂಪನಿಯೊಂದರಲ್ಲಿ ವ್ಯಾನ್ ಚಾಲಕನ ಕೆಲಸ, ಪೊಲೀಸ್ ವೆರಿಫಿಕೇಶನ್ ಆಗಬೇಕು. ಕಿರಿಯವನೂ ಅದೇ ಕಂಪನಿಗೆ ಅರ್ಜಿ ಹಾಕಿದ್ದ. ಬಾಲ ನ್ಯಾಯ ಮಂಡಳಿಯ ಮುಂದೆ ನಡೆದದ್ದು ಮಗುವಿನ ಮುಂದಿನ ಬದುಕಿಗೆ ಅಡ್ಡಿಯಾಗಬಾರದು, ಆ ದಾಖಲೆಯನ್ನು ಅಳಿಸಬೇಕು ಎಂಬುದು 24ನೇ ಕಲಮಿನ ತಾತ್ಪರ್ಯ; ಆದ್ದರಿಂದ ಈ ಹಿಂದೆ ಯಾವುದಾದರೂ ನ್ಯಾಯಾಲಯ ನಿಮ್ಮನ್ನು ಅಪರಾಧಿಯೆಂದು ತೀರ್ಮಾನಿಸಿದೆಯೇ ಎಂಬ ಅಂಕಣದಲ್ಲಿ ಅವನು ಇಲ್ಲವೆಂದು ಬರೆದದ್ದು ಸರಿಯಾಗಿಯೇ ಇತ್ತು.

"ಅವ್ನು ಇಲ್ಲ ಅಂತ ಬರ್ದ ಸಾರ್. ನಾನೂ ಇಲ್ಲ ಅಂತ ಬರೀಲಾ?" ಎಂದು ಕೇಳಿದ.

"ನೀನು ಹೌದು ಅಂತಲೇ ಬರೀಬೇಕಪ್ಪ" ಎಂದೆ.

ಅವನು ಬೇರೆ ಏನನ್ನೂ ಕೇಳಲಿಲ್ಲ. ನಾನು ತಿದ್ದಿಸಿದ್ದ ಅದೇ ದುಂಡನೆಯ ಅಕ್ಷರದಲ್ಲಿ ಹೌದು ಎಂದು ಬರೆದ. ಮೇಲಿನ ಸಾಲಿನಲ್ಲಿ, ಜನ್ಮದಿನಾಂಕದ ಎದುರು, ಆಗಲೇ 1-6-1999 ಎಂದು ತುಂಬಿದ್ದ.